ಮೈದುನ ಕೊಡದೆ ಬಿಟ್ಟ ಒಂದು ಸಾಲು

ನನ್ನ ಮೈದುನ ಕಣ್ಣಿನ ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ ಮಾಡುತ್ತಾನೆ. ಆ ಕೋಣೆ ಯಾವಾಗಲೂ ತಣ್ಣಗಿರಬೇಕು, ಇಲ್ಲದಿದ್ದರೆ ಯಂತ್ರಕ್ಕೆ ಆಗಿಬರುವುದಿಲ್ಲ. ಹಾಗಾಗಿ ಇವನು ಬಿರುಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡೇ ಮನೆಯಿಂದ ಹೊರಡುತ್ತಾನೆ. ಆಸ್ಪತ್ರೆಯವರು ಇವನನ್ನು ಸ್ವೆಟರ್ ಮಾಮ ಅನ್ನುತ್ತಾರೆ. ಇವನಿಗಿಂತ ದೊಡ್ಡವರೂ ಹಾಗೇ ಅನ್ನುತ್ತಾರೆ. ಇವನು ಬೇಜಾರು ಮಾಡಿಕೊಂಡದ್ದಿಲ್ಲ.

ನಾನು ಮದುವೆಯಾಗಿ ಬಂದಾಗ ಇವನಿಗೆ ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಆಮೇಲೆ ಕೆಲಸ ಸಿಕ್ಕಿತು, ಮದುವೆ ಬೇಡ ಅಂದ, ನಮ್ಮ ಜೊತೆಯಲ್ಲೇ ಉಳಿದ. ನನ್ನ ಯಜಮಾನರು ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಅಣ್ಣ ಹೋದ ದಿನವೂ ಇವನು ಅಳಲಿಲ್ಲ, ನಾನೂ ಅಳಲಿಲ್ಲ. ಬಂದವರು ಅದನ್ನು ಆಡಿಕೊಂಡರಂತೆ. ಆಡಿಕೊಳ್ಳಲಿ. ಅಲ್ಲಿಂದೀಚೆಗೆ ನಮಗಿಬ್ಬರಿಗೂ ಕೈಕಾಲು ಜೋಮು ಹಿಡಿದ ಹಾಗೆ ಮನಸ್ಸಿಗೂ ಹಿಡಿದಿದೆ ಅನ್ನಿಸುತ್ತದೆ. ಕೆಲಸ ಮಾತ್ರ ನಡೆಯುತ್ತದೆ. ಅವನು ಪಾತ್ರೆ ತೊಳೆಯುತ್ತಾನೆ, ನಾನು ಒರೆಸಿಡುತ್ತೇನೆ.

ಅವನ ಯಂತ್ರ ಒಂದು ಸಣ್ಣ ಬೀರುವಿನಷ್ಟಿದೆ. ಮೇಜಿನ ಮೇಲಿಡುವ ಕಂಪ್ಯೂಟರೂ ಅಲ್ಲ, ಮನೆ ತುಂಬುವಷ್ಟು ದೊಡ್ಡದೂ ಅಲ್ಲ, ನಡುಗಾತ್ರದ್ದು. ಆಸ್ಪತ್ರೆಯ ಎಲ್ಲ ಲೆಕ್ಕವೂ ಅದರೊಳಗಿನ ಫೈಲುಗಳಲ್ಲಿದೆ. ಯಾವ ಫೈಲಿನಲ್ಲಿ ಏನಿರಬೇಕು, ಹೆಸರಿಗೆ ಎಷ್ಟು ಅಕ್ಷರ, ವಯಸ್ಸಿಗೆ ಎಷ್ಟು ಅಂಕಿ ಎಂಬುದನ್ನು ಹಿಂದಿನವರು ಒಂದು ಹಳೆಯ ಪದ್ಧತಿಯಲ್ಲಿ ಬರೆದಿಟ್ಟಿದ್ದರು. ಅದರಲ್ಲಿ ಪ್ರತಿಯೊಂದಕ್ಕೂ ಸಾಲಿನಲ್ಲಿ ಗೊತ್ತಾದ ಜಾಗ. ಒಂದಕ್ಷರ ಅತ್ತಿತ್ತ ಸರಿದರೂ ಯಂತ್ರ ಒಪ್ಪುವುದಿಲ್ಲ. ಹೆಸರುಗಳೂ ಮೊಟಕು. ರೋಗಿಯ ಹೆಸರು ಅನ್ನುವ ಕಡೆ ಬರೀ ರೋಹೆ ಅಂತ ಇರುತ್ತಿತ್ತು. ಅದನ್ನೆಲ್ಲ ಎಸ್‌ಕ್ಯೂಎಲ್ ಎಂಬ ಈಗಿನ ಪದ್ಧತಿಗೆ ಬದಲಾಯಿಸಬೇಕೆಂದು ಇವನಿಗೆ ಒಪ್ಪಿಸಿದರು. ಅಲ್ಲಿ ಫೈಲಿನ ಬದಲು ಟೇಬಲ್ ಅನ್ನುತ್ತಾರೆ. ಇಂಥ ಟೇಬಲ್ ಮಾಡು, ಅದರಲ್ಲಿ ಇಂತಿಂಥದ್ದಿರಲಿ ಎಂದು ವಾಕ್ಯದ ಹಾಗೆ ಬರೆಯುವುದು.

ಸಂಜೆ ಹಳೆಯದನ್ನು ಕಾಗದದಲ್ಲಿ ತರುತ್ತಿದ್ದ. ಅವನು ಓದುವುದು, ನಾನು ಸಾಲಿನ ಕೆಳಗೆ ಸ್ಕೇಲು ಹಿಡಿಯುವುದು, ಆದದ್ದಕ್ಕೆ ಗೀಟು ಹಾಕುವುದು. ನನ್ನ ಬಲಗಣ್ಣು ಚೆನ್ನಾಗಿದೆ, ಎಡಗಣ್ಣಿನ ಮೇಲೆ ಬಿಳಿ ಕಟ್ಟಿ ಮಂಜಾಗಿದೆ.

"ಇಷ್ಟು ವರ್ಷ ನಡೀತಿದ್ದದ್ದನ್ನ ಈಗ್ಯಾಕಪ್ಪ ಕೆದಕ್ತಾರೆ?" ಅಂದೆ ಒಮ್ಮೆ.

"ಹಳೇದನ್ನ ಓದೋರು ಯಾರೂ ಇಲ್ಲ ಅತ್ತಿಗೆ. ನಾನು ಹೋದ್ರೆ ಮುಗೀತು."

"ಎಲ್ಲಿಗೆ ಹೋಗ್ತೀಯೋ? ಬಸ್ ಸ್ಟಾಪ್ ಬಿಟ್ರೆ ನಿಂಗೆ ಇನ್ನೊಂದು ದಾರಿ ಗೊತ್ತಾ?"

ಅವನು ನಗಲಿಲ್ಲ. ಮುಂದಿನ ಸಾಲು ಓದಿದ.

ಒಂದೊಂದೇ ಫೈಲು ಟೇಬಲ್ ಆಯಿತು. ಆ ಫೈಲುಗಳನ್ನು ಓದುತ್ತಿದ್ದ ಹಳೆಯ ಪ್ರೋಗ್ರಾಮುಗಳು ಹಾಗೇ ಉಳಿದವು. ಅಡಿಯಲ್ಲಿ ಏನು ಬದಲಾಯಿತೆಂದು ಅವಕ್ಕೆ ಗೊತ್ತೇ ಆಗಬಾರದು, ಅದೇ ಈ ಕೆಲಸದ ಜಾಣತನವಂತೆ. ಕಣ್ಣಿಗಾಗಿ ಕಾಯುವವರ ಫೈಲೂ ಹಾಗೇ ಬದಲಾಯಿತು. ತೀರಿಕೊಂಡವರ ಮನೆಯವರು ಕೊಟ್ಟ ಕಣ್ಣಿನಿಂದ ಮುಂಭಾಗದ ಗಾಜಿನಂಥ ಪದರವನ್ನು ತೆಗೆದು ಬೇರೆಯವರಿಗೆ ಹಾಕುತ್ತಾರೆ. ಕೊಡುವವರು ಕಡಿಮೆ, ಕಾಯುವವರು ಬಹಳ. ಮೊದಲು ಬಂದವರಿಗೆ ಮೊದಲು.

ಅದಾದ ಮೇಲೆ ನನ್ನ ಎಡಗಣ್ಣು ತೀರ ಕೆಟ್ಟಿತು. ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಹೆಸರು ಬರೆಸಿ ಬಂದೆ. ವರ್ಷಗಟ್ಟಲೆ ಆಗುತ್ತದೆ ಅಂದಿದ್ದರು. ಆದರೆ ಅದೇ ಚಳಿಗಾಲ ಮುಗಿಯುವುದರೊಳಗೆ ಆಸ್ಪತ್ರೆಯ ನರ್ಸಮ್ಮ ಫೋನು ಮಾಡಿದಳು.

"ಅಮ್ಮಾ, ನಿಮ್ಮ ಸರದಿ ಬಂತು. ಮುಂದಿನ ಕಣ್ಣು ನಿಮಗೇ. ಗುರುವಾರ ಬಂದು ಸೇರ್ಕೊಳ್ಳಿ."

ನಾನು ಚೀಲಕ್ಕೆ ಎರಡು ಸೀರೆ, ಟವೆಲು, ಸೋಪು ಹಾಕಿದೆ. ಸಂಜೆ ಮೈದುನ ಬಂದಾಗ ಹೇಳಿದೆ. ಅವನು ಸ್ವೆಟರಿನ ಒಂದು ತೋಳು ಬಿಚ್ಚಿದವನು ಹಾಗೇ ನಿಂತ.

"ಇಷ್ಟು ಬೇಗ ಬರೋ ಹಾಗಿಲ್ವಲ್ಲ ಅತ್ತಿಗೆ."

"ಬಂದದ್ದಕ್ಕೂ ಮುಖ ಗಂಟು ಹಾಕ್ತೀಯಲ್ಲೋ."

ಊಟ ಮಾಡಿದ, ತಟ್ಟೆ ತೊಳೆದ. ಮರುದಿನ ಬೇಗನೆ ಹೋಗಿ ಮಧ್ಯಾಹ್ನವೇ ಮನೆಗೆ ಬಂದ. ನಾನು ಒಣಗಿದ ಬಟ್ಟೆ ಮಡಚುತ್ತಿದ್ದೆ. ಎದುರಿಗೆ ಕುಳಿತು, ಕಾಗದ ಓದುವ ದನಿಯಲ್ಲೇ ಹೇಳಿದ.

"ಹಳೇ ಫೈಲಲ್ಲಿ ಒಬ್ಬರ ಹೆಸರು ಅಳಿಸಿದ್ರೆ ಆ ಜಾಗ ಖಾಲಿ ಬಿದ್ದಿರ್ತಿತ್ತು. ಹೊಸಬರು ಕೊನೇಲೇ ಸೇರ್ತಿದ್ರು. ಹೊಸ ಟೇಬಲ್ ಹಾಗಲ್ಲ. ಖಾಲಿ ಕಂಡಲ್ಲಿ ಹೊಸಬರನ್ನ ಕೂರಿಸುತ್ತೆ. ಬೇಡ ಅಂದ್ರೆ ಟೇಬಲ್ ಮಾಡಿದ ಮೇಲೆ ಇನ್ನೊಂದು ಸಾಲು ಕೊಟ್ಟು ಹೇಳ್ಬೇಕು. ನಾನು ಹೇಳಿಲ್ಲ."

"ಹೇಳದಿದ್ರೆ ಏನಾಯ್ತು?"

"ಸರದಿ ತೆಗೆಯೋ ಪ್ರೋಗ್ರಾಮು ಹಳೇದು. ತಾರೀಖು ನೋಡಲ್ಲ. ಮೇಲಿಂದ ಕೆಳಗೆ ಓದ್ಕೊಂಡು ಹೋಗುತ್ತೆ, ಅಷ್ಟೆ. ನಿಮ್ಮ ಹೆಸರು ಮೇಲೆಲ್ಲೋ ಖಾಲಿಯಾದ ಜಾಗದಲ್ಲಿ ಕೂತಿದೆ."

"ಆ ಜಾಗ ಯಾರದಾಗಿತ್ತು?"

"ಗೊತ್ತಾಗಲ್ಲ. ಕಾಯ್ತಾ ಕಾಯ್ತಾ ಸತ್ತವರು ಯಾರೋ. ಅವರ ಮೇಲೆ ನಿಮ್ಮದು ಬರೆದಾಯ್ತಲ್ಲ."

ನಾನು ದಿಂಬಿನ ಚೀಲವನ್ನು ಮಡಚಿ ಇಟ್ಟೆ. ನಿಜವಾಗಿ ಯಾರ ಸರದಿ ಎಂದು ಕೇಳಿದೆ. ಒಬ್ಬ ಲಾರಿ ಡ್ರೈವರಂತೆ. ಬ್ಯಾಟರಿ ಸಿಡಿದು ಎರಡೂ ಕಣ್ಣು ಹೋಗಿವೆಯಂತೆ.

"ಗುರುವಾರ ಕಳೆದ ಮೇಲೆ ಸರಿ ಮಾಡಿದ್ರೂ ಆಗುತ್ತೆ," ಅಂದ ಅವನು. "ಯಾರೂ ಕೇಳಲ್ಲ. ನೀವೇನಂತೀರಿ?"

ಬೇರೆ ಯಾರಾದರೂ ಆಗಿದ್ದರೆ ಕೂಡಲೇ ದೊಡ್ಡ ಮಾತು ಆಡುತ್ತಿದ್ದರೇನೋ. ನನಗೆ ಆ ಕಣ್ಣು ಬೇಕಾಗಿತ್ತು. ಮೆಟ್ಟಿಲಿಳಿಯುವಾಗ ಎಡಗಡೆ ಗೋಡೆಯಿದೆಯೋ ಇಲ್ಲವೋ ಎಂದು ತಡಕಿ ತಡಕಿ ಸಾಕಾಗಿತ್ತು.

"ನನ್ನನ್ನ ಕೇಳ್ಬೇಡ ಕಣೋ," ಅಂದೆ. "ಕೇಳಿದ್ರೆ ಬೇಡ ಅನ್ನೋಕೆ ನಂಗೆ ಬಾಯಿ ಬರಲ್ಲ."

ಅವನು ತಲೆಯಾಡಿಸಿದ. ಮಡಚಿದ ಬಟ್ಟೆ ತೆಗೆದುಕೊಂಡು ಹೋಗಿ ಬೀರುವಿನಲ್ಲಿಟ್ಟ. ಮತ್ತೆ ನನ್ನನ್ನು ಕೇಳಲಿಲ್ಲ.

ಬುಧವಾರ ಹೋಗಿ ಮೇಲಧಿಕಾರಿಗೆ ಎಲ್ಲ ಹೇಳಿಬಿಟ್ಟ. ಅಷ್ಟರಲ್ಲಿ ಇನ್ನಿಬ್ಬರು ಹೀಗೆಯೇ ಮುಂದೆ ನುಗ್ಗಿ ಕಣ್ಣು ಹಾಕಿಸಿಕೊಂಡಾಗಿತ್ತು. ಅವರಿಗೂ ಅದು ಗೊತ್ತಿಲ್ಲ. ಹಾಕಿದ್ದನ್ನು ಕೀಳುವುದಕ್ಕಾಗುತ್ತದೆಯೇ? ಅಧಿಕಾರಿಗೆ ಅದೇ ದೊಡ್ಡ ತಲೆನೋವಾಯಿತು.

"ಏನ್ರೀ ಸ್ವೆಟರ್, ಇಷ್ಟು ವರ್ಷ ಇಲ್ಲೇ ತಣ್ಣಗೆ ಕೂತಿದ್ದೀರಿ, ಇಷ್ಟು ಗೊತ್ತಾಗ್ಲಿಲ್ವಾ?"

"ಗೊತ್ತಿತ್ತು ಸರ್. ಮರೆತೆ."

"ಗೊತ್ತಿಲ್ಲ ಅಂದಿದ್ರೆ ನಾನೂ ಏನಾದ್ರೂ ಬರೆದು ತೇಲಿಸಿಬಿಡ್ತಿದ್ದೆ. ಮರೆತೆ ಅಂತೀರಲ್ಲ!"

ಆ ಟೇಬಲನ್ನು ಅವತ್ತೇ ಇವನ ಕೈಯಲ್ಲೇ ಸರಿ ಮಾಡಿಸಿದರು. ಹೆಸರು ಬರೆಸಿದ ತಾರೀಖಿನ ಪ್ರಕಾರವೇ ಸರದಿ ಬರುವ ಹಾಗೆ ಪ್ರೋಗ್ರಾಮನ್ನೂ ತಿದ್ದಿಸಿದರು. ಆಮೇಲೆ ಉಳಿದ ಫೈಲುಗಳನ್ನೆಲ್ಲ ಹೊರಗಿನ ಒಂದು ಕಂಪನಿಗೆ ಕೊಟ್ಟು, ಇವನನ್ನು ಕೆಳಗಿನ ಮಹಡಿಯ ಪ್ರಿಂಟರುಗಳನ್ನು ನೋಡಿಕೊಳ್ಳಲು ಹಾಕಿದರು. ಇದನ್ನೆಲ್ಲ ಅವನು ಅಂಗಡಿಯಲ್ಲಿ ಈರುಳ್ಳಿ ಸಿಗಲಿಲ್ಲ ಎನ್ನುವ ಹಾಗೆ ಹೇಳಿದ. ನಾನೂ ಹಾಗೆಯೇ ಕೇಳಿಸಿಕೊಂಡೆ.

ಸಂಜೆ ನರ್ಸಮ್ಮ ಮತ್ತೆ ಫೋನು ಮಾಡಿದಳು.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ಕಂಪ್ಯೂಟರ್ ಏನೋ ಎಡವಟ್ಟು ಮಾಡಿತ್ತಂತೆ. ನಿಮ್ಮದು ತುಂಬಾ ಹಿಂದಕ್ಕೆ ಹೋಗಿದೆ."

"ಆಗ್ಲಿ ಬಿಡಮ್ಮ."

"ಅಲ್ಲ, ನಿಮ್ಮ ಮೈದುನ ಇಲ್ಲೇ ತಾನೇ ಇರೋದು? ಅವರ ಕೈಲಿ ಒಂದು ಮಾತು ಹೇಳಿಸ್ಬಾರ್ದಾ? ಎಲ್ಲರೂ ಹೇಳಿಸ್ತಾರೆ."

"ಹೇಳ್ದ," ಅಂದೆ.

"ಏನಂದ್ರಂತೆ?"

"ಆಗಲ್ಲ ಅಂದ್ರಂತೆ," ಎಂದು ಫೋನಿಟ್ಟೆ.

ಗುರುವಾರ ಅವನು ಸ್ವೆಟರ್ ಹಾಕಿಕೊಳ್ಳದೆ ಹೊರಟ. ಪ್ರಿಂಟರಿನ ಕೋಣೆ ಸೆಕೆಯಂತೆ. ನಾನು ಚೀಲದಿಂದ ಸೀರೆ, ಟವೆಲು ತೆಗೆದು ಅವುಗಳ ಜಾಗದಲ್ಲಿಟ್ಟೆ. ಸೋಪನ್ನು ಬಚ್ಚಲಿಗೆ ಹಾಕಿದೆ. ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕುಳಿತು ನೋಡಿದೆ. ಬರಲಿಲ್ಲ.

ಸಂಜೆ ಅವನು ಬಂದು, ಕೈಕಾಲು ತೊಳೆದು, ಕಣ್ಣಿನ ಔಷಧಿ ತಂದ. ನಾನು ಕುರ್ಚಿಗೆ ತಲೆ ಆನಿಸಿದೆ. ಅವನು ಹನಿ ಹಾಕುತ್ತಿರುವಾಗ ಕೇಳಿದೆ.

"ಆ ಡ್ರೈವರ್ ಬಂದಿದ್ನಾ?"

"ಬಂದಿದ್ದ. ಹೆಂಡತಿ ಭುಜ ಹಿಡ್ಕೊಂಡು ಬಂದ. ಭರ್ತಿ ಚೀಟಿ ನನ್ನ ಪ್ರಿಂಟರಲ್ಲೇ ಬಂತು, ನಾನೇ ಕೊಟ್ಟೆ."

"ಏನಂದ?"

"ಇಷ್ಟು ದಿನ ಯಾಕೆ ಕಾಯಿಸಿದ್ರಿ ಅಂತ ಬೈದ."

"ನೀನೇನಂದೆ?"

"ತಪ್ಪಾಯ್ತು ಅಂದೆ. ಅಲುಗಾಡ್ಬೇಡಿ ಅತ್ತಿಗೆ, ಹನಿ ಕೆನ್ನೆಗೆ ಹೋಯ್ತು."