ಲೋಕೇಶ್ವರಿ ಬರೆದ ಹಾಸನೂರು

ಗೆಟ್ಟವಾಡಿಯ ದೊಡ್ಡಬೀರಯ್ಯನ ಮಗಳು ಲೋಕೇಶ್ವರಿ ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಳು. ಹೊರದೇಶದಿಂದ ಓದಲು ಬರುವವರನ್ನು ಎದುರುಗೊಳ್ಳುವ ಕೆಲಸವನ್ನು ತಾನಾಗಿಯೇ ಮೈಮೇಲೆ ಹಾಕಿಕೊಂಡಿದ್ದಳು. ವಿದ್ಯಾರ್ಥಿ ನಾಯಕಿ ಎಂಬ ಹೆಸರಿತ್ತು, ಸಂಬಳವಿರಲಿಲ್ಲ. ರೈಲು ತಡವಾದರೆ ಕಾಯಬೇಕು, ಹಾಸ್ಟೆಲಿನ ಸಾರು ಖಾರವೆಂದು ಅತ್ತವರಿಗೆ ಬಾಳೆಹಣ್ಣು ತಂದುಕೊಡಬೇಕು. ಎರಡು ವರ್ಷದಲ್ಲಿ ಹುಡುಗಿಯ ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು. ತಾಳವಾಡಿಯಲ್ಲಿ ತರಕಾರಿ ಮಂಡಿ ಇಟ್ಟಿರುವ ನನಗೆ ಪುಕ್ಕಟೆ ದುಡಿಯುವವರನ್ನು ಕಂಡರೆ ಮೊದಲು ಅನುಮಾನ, ಆಮೇಲೆ ಕನಿಕರ.

ತೊಂಬತ್ತೈದರ ಆಗಸ್ಟಿನಲ್ಲಿ ನಾಲ್ಕು ದಿನ ನಿದ್ದೆ ಮಾಡಲೆಂದೇ ಅವಳು ಊರಿಗೆ ಬಂದಳು. ಬೆನ್ನಿಗೇ ವಿಶ್ವವಿದ್ಯಾಲಯದ ಕಚೇರಿಯ ಕಾಗದ ಬಂತು. ಕೀನ್ಯಾದ ಮ್ವಿಕಾಲಿ ಎಂಬ ಹುಡುಗಿ ಕೊಯಮತ್ತೂರಿನಲ್ಲಿ ಓದುವ ಅಣ್ಣನ ಹತ್ತಿರ ಬಂದಿಳಿದಿದ್ದಾಳೆ. ಶುಕ್ರವಾರ ಸಂಜೆ ಐದರೊಳಗೆ ಮೈಸೂರಿನಲ್ಲಿ ಖುದ್ದಾಗಿ ಸಹಿ ಹಾಕದಿದ್ದರೆ ಅವಳ ಸೀಟು ಬೇರೆಯವರ ಪಾಲು. ಶನಿವಾರದವರೆಗೆ ಅಣ್ಣನಿಗೆ ಪರೀಕ್ಷೆ, ಜೊತೆಗೆ ಬರಲಾರ. ಲೋಕೇಶ್ವರಿ ಹುಡುಗಿಗೆ ಬರೆದಳು: ಶುಕ್ರವಾರ ಬೆಳಗ್ಗೆ ಬಸ್ಸು ಹತ್ತು, ಮೈಸೂರು ದಾರಿಯ ಹಾಸನೂರಿನಲ್ಲಿ ಇಳಿ, ಟೀ ಅಂಗಡಿಯಲ್ಲಿ ಕಾದಿರುತ್ತೇನೆ, ಜೊತೆಯಲ್ಲಿ ಮೈಸೂರಿಗೆ ಹೋಗೋಣ.

ನಮ್ಮ ಕಡೆ ಹೊಲ ಎಂದರೆ ಒಲ, ಹಳ್ಳಿ ಎಂದರೆ ಅಳ್ಳಿ, ಹಾಸನೂರು ಆಸನೂರು. ಹಾಸ್ಟೆಲಿನವರು ಇದಕ್ಕೆ ನಕ್ಕಿದ್ದರಿಂದ ಲೋಕೇಶ್ವರಿ ಹಟ ಹಿಡಿದು ಹಕಾರ ಕಲಿತಿದ್ದಳು. ಕಾಗದದಲ್ಲೂ ಇಂಗ್ಲಿಷಿನ ಎಚ್ ಅಕ್ಷರವನ್ನು ದಪ್ಪಗೆ ಬರೆದು ಕೆಳಗೆ ಗೆರೆ ಎಳೆದಿದ್ದಳು.

ಆ ಶುಕ್ರವಾರ ಅಣ್ಣ ತಂಗಿಯನ್ನು ಹಾಸನೂರಿನ ಮೇಲೆ ಹೋಗುವ ತಾಳವಾಡಿ ಬಸ್ಸಿಗೆ ಹತ್ತಿಸಿದ. ಆಸನೂರು ಬಂತು ಇಳಿಯಿರಿ ಎಂದು ಕಂಡಕ್ಟರು ತಮಿಳಿನಲ್ಲಿ "ಆಸನೂರ್ ಎರಂಗು" ಎಂದು ಎರಡು ಸಲ ಕೂಗಿದ. ಮ್ವಿಕಾಲಿ ಕದಲಲಿಲ್ಲ. ಮಧ್ಯಾಹ್ನ ಒಂದಕ್ಕೆ ತಾಳವಾಡಿಯಲ್ಲಿ ಬಸ್ಸು ಖಾಲಿಯಾದಾಗ ಇಳಿದು, ಎದುರಿಗಿದ್ದ ನನ್ನ ಮಂಡಿಗೆ ಬಂದು ಕಾಗದ ಚಾಚಿದಳು. "ಹಾಸನೂರ್? ಹಾಸನೂರ್?" ಎಂದಳು. ಅಷ್ಟು ಗಟ್ಟಿ ಹಕಾರವನ್ನು ನಾನು ತಾಳವಾಡಿಯಲ್ಲಿ ಕೇಳಿದ್ದು ಅದೇ ಮೊದಲು. ಕಾಗದ ನೋಡಿದ ಮೇಲೆ ನಡೆದದ್ದು ಅರ್ಥವಾಯಿತು. ಹಾಸನೂರಿನ ಟೀ ಅಂಗಡಿಗೆ ಫೋನು ಮಾಡಿ ಲೋಕೇಶ್ವರಿಯನ್ನು ಕರೆಸಿದೆ.

"ನಾನು ಕಣವ್ವ, ಮಂಡಿ ಜಡೇಸ್ವಾಮಿ. ನಿನ್ ಕೀನ್ಯಾದೋಳು ನನ್ ಕೋಸಿನ ಮೂಟೆ ಮ್ಯಾಲೆ ಕುಂತವ್ಳೆ."

"ಮೈಸೂರ್ ಬಸ್ಸೆಲ್ಲ ಅತ್ತಿ ಉಡುಕ್ದೆ ಮಾವ. ತಾಳವಾಡಿ ಬಸ್ ನೋಡ್ನೇ ಇಲ್ಲ. ಅಲ್ಲಿಗ್ಯಾಕ್ ಬಂದ್ಳು?"

"ಎಚ್ ಬರ್ದಿದ್ದೀಯಲ್ಲ, ಅದುನ್ನ ಯಾರಾದ್ರೂ ಕೂಗ್ಲಿ ಅಂತ ಕಾಯ್ಕಂಡು ಕುಂತಿದ್ಳು."

"ಅದುನ್ನ ಬುಟ್ರೆ ಮೈಸೂರ್ನಲ್ಲಿ ನಗ್ತಾರೆ ಮಾವ."

"ಆಕುದ್ರೆ ಇಲ್ಲಿ ಅಳ್ತಾರೆ ಕಣವ್ವ. ನೀ ಈಗ ಚಾಮ್ರಾಜ್ನಗರದ್ ಬಸ್ ಅತ್ತು. ಇವ್ಳುನ್ನ ನಾ ಗಾಡೀಲಿ ಅಲ್ಲಿಗ್ ಕರ್ಕಬತ್ತೀನಿ."

ಮ್ವಿಕಾಲಿ ಮಾತ್ರ ಗಾಡಿ ಹತ್ತಲೊಲ್ಲಳು. ಕಾಗದದಲ್ಲಿ ಚಾಮರಾಜನಗರ ಇರಲಿಲ್ಲ. ಫೋನು ಅವಳ ಕೈಗೇ ಕೊಟ್ಟೆ. ಲೋಕೇಶ್ವರಿ ಏನು ಹೇಳಿದಳೋ, ಹುಡುಗಿ ಕಣ್ಣೊರೆಸಿಕೊಂಡು ಪೆಟ್ಟಿಗೆ ಎತ್ತಿಕೊಂಡಳು. ಕೋಸು ಹೇಗೂ ಆ ಕಡೆ ಹೋಗಬೇಕಿತ್ತು. ನಾನೂ ಪುಕ್ಕಟೆ ದುಡಿದೆನೆಂದು ಯಾರೂ ತಿಳಿಯಬಾರದು.

ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಇಬ್ಬರೂ ಸೇರಿದಾಗ ಎರಡೂಮುಕ್ಕಾಲು. ಸ್ವಾಗತಕ್ಕೆಂದು ಬಂದ ನಾಯಕಿ ಕಂಬಕ್ಕೆ ಒರಗಿ ನಿಂತಿದ್ದಳು, ತುಟಿ ಒಣಗಿತ್ತು. "ವೆಲ್ಕಮ್" ಎಂದಳು, ಬಸ್ಸು ತಪ್ಪಿದವರ ದನಿಯಲ್ಲಿ. ಮೈಸೂರಿನ ಬಸ್ಸಿಗೆ ಇಬ್ಬರನ್ನೂ ನಾನೇ ನೂಕಿ ಹತ್ತಿಸಿದೆ.

ಮುಂದಿನದನ್ನು ಲೋಕೇಶ್ವರಿ ದೀಪಾವಳಿಗೆ ಬಂದಾಗ ಹೇಳಿದಳು. ಐದಕ್ಕೆ ಹತ್ತು ನಿಮಿಷ ಇರುವಾಗ ಸಹಿ ಬಿತ್ತಂತೆ, ಸೀಟು ಉಳಿಯಿತಂತೆ. ಇವಳು ಕಚೇರಿಯ ಮೆಟ್ಟಿಲ ಮೇಲೆ ಕೂತವಳು ಏಳಲಿಲ್ಲ. ಹಾಸ್ಟೆಲು ಎಲ್ಲಿ ಎಂದು ಮ್ವಿಕಾಲಿ ಕೇಳಿದ್ದಕ್ಕೆ ಬರೀ ಕೈ ತೋರಿಸಿದಳು. ಆ ಹುಡುಗಿ ಇವಳನ್ನು ಎಬ್ಬಿಸಿ, ಒಂದು ಕೈಯಲ್ಲಿ ತನ್ನ ಪೆಟ್ಟಿಗೆ, ಇನ್ನೊಂದರಲ್ಲಿ ಇವಳ ಚೀಲ ಹಿಡಿದು ಮುಂದೆ ನಡೆದಳಂತೆ, ದಾರಿ ಗೊತ್ತಿದ್ದವಳು ಹಿಂದೆ.