ಕೆರೆಗೆ ಬಿದ್ದ ಬದು

ಅಪ್ಪ ಮತ್ತು ಕಾಕಾ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಜಗಳ ಮೋಟೆಬೆನ್ನೂರಿನ ಹೊಲದ ಬದುವಿನದು. ಅಣ್ಣ ಒತ್ತಿದನೆಂದು ತಮ್ಮ, ತಮ್ಮ ಒತ್ತಿದನೆಂದು ಅಣ್ಣ. ಒಂದೇ ಕಟ್ಟೆಯ ಮೇಲೆ ಕೂತರೂ ಮಾತೆಲ್ಲ ನನ್ನ ಮೂಲಕ. "ನಿಮ್ಮಪ್ಪಗ ಹೇಳು, ಚಾ ಆರಾಕತ್ತೈತಿ" ಎನ್ನುವರು ಕಾಕಾ. ಅಪ್ಪ ಕೇಳಿಸಿಕೊಂಡೂ ನನ್ನ ಮುಖ ನೋಡುವರು. ನಾನು ಮತ್ತೊಮ್ಮೆ ಹೇಳಬೇಕು. ಸಾಕಾಗಿಹೋಗಿತ್ತು ನನಗೆ!

ನಾನು ರಾಣೆಬೆನ್ನೂರಿನಲ್ಲಿ ನಕ್ಷೆ ತೋರಿಸುವ ಸಾಫ್ಟ್‌ವೇರ್ ಬರೆಯುವವಳು. ದೂಡಿದರೆ ನಕ್ಷೆ ನಯವಾಗಿ ಸರಿಯಬೇಕು, ಬೆರಳು ತೆಗೆದ ಮೇಲೂ ಒಂಚೂರು ಜಾರಿ ತಾನಾಗಿ ನಿಲ್ಲಬೇಕು. ಅದೇ ನನ್ನ ಹೆಮ್ಮೆ. ಬಿತ್ತನೆಯೊಳಗೆ ಇವರ ಬಾಯಿ ಬಿಡಿಸಿಯೇ ತೀರುತ್ತೇನೆಂದು, ಹೊಲದ ಮೂಲೆಗಲ್ಲುಗಳ ಬಳಿ, ಬದುವಿನ ಉದ್ದಕ್ಕೂ ನಿಂತು ಅಕ್ಷಾಂಶ ರೇಖಾಂಶ ಬರೆದುಕೊಂಡು ಬಂದು ನಕ್ಷೆಗೆ ಹಾಕಿದೆ.

ಕಾಕಾ ಫೋನ್ ಹಿಡಿದು ದೂಡಿದರು, ಬೆರಳೆತ್ತಿದರು. ನಕ್ಷೆ ಜಾರಿತು.

"ಅಯ್ಯ, ಕೈ ಬಿಟ್ರೂ ಬದು ನನ್ನ ಹೊಲದಾಗ ಬರಾಕತ್ತೈತಿ! ನಿಮ್ಮಪ್ಪಗ ಹೇಳು, ಮಗಳಿಗೆ ಛಲೋ ಕಲಿಸ್ಯಾನ ಅಂತ!"

ಅಪ್ಪ ಫೋನ್ ಕಸಿದುಕೊಂಡರು. "ನಿಮ್ಮ ಕಾಕಾನ್ನ ಕೇಳು, ಅವನ ಹೊಲದ ಸುತ್ತ ನೀಲಿ ಯಾಕೈತಿ ಅಂತ."

ನಾನು ನಕ್ಷೆಯನ್ನು ಕಿರಿದು ಮಾಡಿ ನೋಡಿದೆ. ಹೊಲ ಶಿಕಾರಿಪುರದ ಕಡೆಯ ಯಾವುದೋ ಕೆರೆಯ ನಟ್ಟನಡುವೆ ಬಿದ್ದಿತ್ತು. ಅಕ್ಷಾಂಶ ರೇಖಾಂಶದ ಮಿನಿಟನ್ನು ಅರವತ್ತರಿಂದ ಭಾಗಿಸದೆ, ಡಿಗ್ರಿಯ ಮುಂದೆ ಚುಕ್ಕಿಯಿಟ್ಟು ಹಾಗೇ ಬರೆದಿದ್ದೆ. ಕಲಿತವಳ ಕೆಲಸ ನೋಡಿ!

"ಲೇ ತಮ್ಮಾ, ನಮ್ಮ ಹೊಲಾನ ಕೆರ್ಯಾಗ ಮುಣುಗಿಸ್ಯಾಳಲ್ಲೋ ಇಕಿ!" ಎಂದರು ಅಪ್ಪ, ನೇರವಾಗಿ, ಕಾಕಾನ ಮುಖ ನೋಡಿ.

"ಖರೇ ಅಣ್ಣಾ, ಇಕೀನ್ ನಂಬಿದ್ರ ಮೀನ ಹಿಡೀಬೇಕಾಕ್ಕೈತಿ. ನಡಿ, ಕಲ್ಲು ನಾವ ನೋಡೂಣು."

ಅವರು ಚಪ್ಪಲಿ ಹುಡುಕುವಷ್ಟರಲ್ಲಿ ನಾನು ಭಾಗಿಸಿ ಮುಗಿಸಿದ್ದೆ. ಹೊಲ ಮೋಟೆಬೆನ್ನೂರಿಗೆ ವಾಪಸಾಯಿತು. ಕಲ್ಲಿಂದ ಕಲ್ಲಿಗೆ ಗೆರೆ ಎಳೆದೆ: ಬದು ಕಾಕಾನ ಹೊಲದೊಳಗೆ ಚೆನ್ನಾಗಿಯೇ ನುಗ್ಗಿತ್ತು. ಒತ್ತಿದವರು ನಮ್ಮಪ್ಪನೇ.

ಫೋನನ್ನು ಬೋರಲು ಹಾಕಿ, "ತಪ್ಪಾತ್ರಿ, ನಾಳಿ ಸರಿಮಾಡ್ತೇನಿ" ಎಂದೆ. ನನ್ನನ್ನು ಬೈಯುತ್ತಲೇ ಇಬ್ಬರೂ ಒಂದೇ ಬೈಕ್ ಹತ್ತಿದರು. ನನಗೋ ನಗು, ಜೊತೆಗೆ ಅಳು.

ಆ ನಕ್ಷೆಯನ್ನು ಮತ್ತೆ ಯಾರೂ ಕೇಳಲಿಲ್ಲ. ಬಿತ್ತನೆಗೆ ಮೊದಲು ಅಪ್ಪ ತಾವೇ ಗುದ್ದಲಿ ಹಿಡಿದು, ಬದುವನ್ನು ಎರಡು ಮಾರು ನಮ್ಮ ಕಡೆಗೆ ಸರಿಸಿದರು. ಯಾಕೆಂದು ಕಾಕಾ ಕೇಳಲಿಲ್ಲ. ಇನ್ನೊಂದು ಗುದ್ದಲಿ ಹಿಡಿದು ಬಂದರು.