ಎದುವಿಹೆಸಳ ಕೆಂಪು ಕಾಳು

ಯುದ್ಧ ಮುಗಿದು, ಗಡಿಯಾಚೆಯ ನಿರಾಶ್ರಿತರ ಶಿಬಿರದಿಂದ ನಾವು ಸಾನ್ ಇಲಾರಿಯೊಗೆ ಮರಳಿದಾಗ ಊರಿರಲಿಲ್ಲ, ಊರಿನ ಜಾಗವಿತ್ತು. ನನ್ನ ಗೆಳತಿ ಎದುವಿಹೆಸಳ ಮನೆಯದೆಂದು ಉಳಿದದ್ದು ಅವಳಮ್ಮ ಹೂಡಿದ್ದ ಮೂರು ಒಲೆಗಲ್ಲು ಮಾತ್ರ. ಒಲೆಯ ಕಿಚ್ಚು ಆರಿ ಹತ್ತು ವರ್ಷವಾಗಿತ್ತು. ಹೊಟ್ಟೆಕಿಚ್ಚು ಹೊತ್ತಿಕೊಳ್ಳಲು ಒಂದು ಬೆಳಗು ಸಾಕಾಯಿತು.

ಹಳೆಯ ಒಡೆತನದ ಮಾತೆತ್ತಕೂಡದು, ಯಾರಿಗೆ ಯಾವ ನಿವೇಶನವೆಂದು ಚೀಟಿಯೇ ಹೇಳಲಿ ಎಂದು ಶಿಬಿರದಲ್ಲೇ ಸಭೆ ತೀರ್ಮಾನಿಸಿತ್ತು. ಆಗ ಮೊದಲು ಕೈಯೆತ್ತಿದವಳು ಎದುವಿಹೆಸಳೇ. ಈಗ ಚೀಟಿ ಬಿಚ್ಚಿದರೆ ಆ ಮೂರು ಕಲ್ಲಿನ ಜಾಗ ಫಿದೆಲಿನಾಳ ಪಾಲು. ಫಿದೆಲಿನಾ ಅವಳ ಕೊಮಾದ್ರೆ, ಅಂದರೆ ಮಗಳ ಜ್ಞಾನಸ್ನಾನಕ್ಕೆ ನಿಂತ ಧರ್ಮತಾಯಿ; ಇಬ್ಬರೂ ಒಬ್ಬರನ್ನೊಬ್ಬರು ಹಾಗೇ ಕರೆಯುವುದು. ಶಿಬಿರದಲ್ಲಿ ಇಬ್ಬರ ನಡುವೆ ಒಂದೇ ತಗಡಿನ ಗೋಡೆ. ಫಿದೆಲಿನಾಳ ರೊಟ್ಟಿ ದುಂಡಗೆ, ಗಂಡ ಜೀವಂತ, ಹಲ್ಲು ಪೂರ್ತಿ. ಇಷ್ಟನ್ನೂ ಎದುವಿಹೆಸ್ ಸಹಿಸಿದ್ದಳು. ಕಲ್ಲನ್ನು ಸಹಿಸಲಾಗಲಿಲ್ಲ.

"ನಮ್ಮಮ್ಮನ ಒಲೆ ಮೇಲೆ ಅವಳ ಹೆಂಚು! ನಾನು ಬೀದೀಲಿ ನಿಂತು ವಾಸನೆ ಕುಡೀಬೇಕಾ?" ಎಂದು ನನ್ನ ಹತ್ತಿರ ಹರಿಹಾಯ್ದಳು.

"ಕೇಳಿ ನೋಡೇ, ಕೊಟ್ಟಾಳು."

"ಕೇಳೋದಾ? ಅವಳನ್ನಾ?"

ನಮ್ಮ ಊರಿನ ನಕ್ಷೆ ಮೂಡಿದ್ದು ನೆಲದ ಮೇಲೆ. ಬೂದಿಯ ಗೆರೆ ಬೀದಿ, ಮೆಕ್ಕೆಜೋಳದ ಕಾಳು ಮನೆ, ಕೆಂಪು ಬೀನ್ಸ್ ಕಾಳು ಪಾಯಿಖಾನೆ, ಹನ್ನೆರಡು ಮನೆಗೊಂದರಂತೆ. ನೀರು ಯಾವ ಕಡೆ ಇಳಿಯುತ್ತದೆಂಬುದು ಪಟ್ಟಣದ ಎಂಜಿನಿಯರ್ ರಿಗೊಬೆರ್ತೊಗಿಂತ ಹೆಂಗಸರಿಗೇ ಚೆನ್ನಾಗಿ ಗೊತ್ತಿತ್ತು. ಅವರು ಇಟ್ಟಲ್ಲಿ ಕಾಳು. ಮಧ್ಯಾಹ್ನ ಎಲ್ಲರೂ ಊಟಕ್ಕೆದ್ದಾಗ, ಕಾಳಿಗೆ ಕೋಳಿ ಬಾಯಿ ಹಾಕದಂತೆ ಕಾಯುತ್ತೇನೆಂದು ಎದುವಿಹೆಸ್ ಉಳಿದಳು. ನಾವು ಕೈತೊಳೆದು ಬರುವಷ್ಟರಲ್ಲಿ ಕೆಂಪು ಕಾಳೊಂದು ಫಿದೆಲಿನಾಳ ಜೋಳಕ್ಕೆ ಒತ್ತಿಕೊಂಡು ಕೂತಿತ್ತು. ರಿಗೊಬೆರ್ತೊ ಕಂಡದ್ದನ್ನು ಕಂಡಂತೆ ಕಾಗದಕ್ಕಿಳಿಸಿದ.

ಸಂಜೆ ಸಭೆಯಲ್ಲಿ ಅವನು ಅದನ್ನು ಓದಿದಾಗ ಫಿದೆಲಿನಾ ಎದ್ದಳು. "ಹನ್ನೆರಡು ಮನೆ ಹೊಟ್ಟೆ ನನ್ನ ಬಾಗಿಲಲ್ಲಿ ಖಾಲಿಯಾಗೋದು ಬೇಡಪ್ಪ. ಯಾರಾದ್ರೂ ಜಾಗ ಬದಲಾಯಿಸ್ಕೊಳ್ತೀರಾ?"

ಎದುವಿಹೆಸ್ ಏಳುವ ಮೊದಲೇ ಅವಳ ಕೈ ಎದ್ದಿತ್ತು. ಕಾಳನ್ನು ಆಮೇಲೆ ಹಿಂದಕ್ಕೆ ಸರಿಸಿದರಾಯಿತು ಎಂಬುದು ಅವಳ ಲೆಕ್ಕ. ಅಷ್ಟರಲ್ಲಿ ರಿಗೊಬೆರ್ತೊ ತಲೆ ಕೆರೆದುಕೊಂಡ. "ಈ ಕಾಳು ಬೆಳಿಗ್ಗೆ ಹಳ್ಳದ ಕಡೆ ಇತ್ತಲ್ವಾ? ಕಾವಲಿದ್ದೋರು ನೀವು, ಹೇಳಿ."

ಎದುವಿಹೆಸ್ ಎತ್ತಿದ ಕೈ ಇಳಿಸಲಿಲ್ಲ. "ಇಲ್ಲಪ್ಪ. ಈಗಿರೋ ಜಾಗದಲ್ಲೇ ಇತ್ತು."

ನಕ್ಷೆಗೂ ಅದಲುಬದಲಿಗೂ ಎಲ್ಲರೂ ಕೈಯೆತ್ತಿದರು. ಸಭೆ ಒಪ್ಪಿದ ನಕ್ಷೆ ನಮ್ಮಲ್ಲಿ ಬದಲಾಗುವುದಿಲ್ಲ.

ಈಗ ಮೂರು ಕಲ್ಲು ಅವಳದೇ, ಬೆಂಕಿಯೂ ಚೆನ್ನಾಗಿ ಉರಿಯುತ್ತದೆ. ಬಾಗಿಲ ಮುಂದೆ ಬೆಳಿಗ್ಗೆಯಿಂದ ಪಾಯಿಖಾನೆಯ ಸಾಲು. ಅವಳು ಬಿಟ್ಟುಕೊಟ್ಟ ನಿವೇಶನದೆದುರು ಊರಿನ ನಲ್ಲಿ ಬಂದಿದೆ. ನೀರಿನ ಜೊತೆ ಸುದ್ದಿಯೆಲ್ಲ ಫಿದೆಲಿನಾಳ ಅಂಗಳಕ್ಕೇ. ಮೊನ್ನೆ ನಾನು ಎದುವಿಹೆಸಳ ಒಲೆ ಮುಂದೆ ಕೂತಿದ್ದಾಗ, ಸಾಲಿನಲ್ಲಿ ನಿಂತಿದ್ದ ಫಿದೆಲಿನಾ ಒಳಗೆ ಇಣುಕಿದಳು.

"ಅವತ್ತು ಊಟಕ್ಕೆ ಹೋಗ್ತಾ ಹಿಂದೆ ತಿರುಗಿ ನೋಡಿದ್ದೆ ಕಣೇ, ಕೊಮಾದ್ರೆ. ಬಾಯ್ಬಿಟ್ಟು ಕೇಳಿದ್ರೆ ಹಾಗೇ ಕೊಡ್ತಿದ್ದೆ."

ಅವಳ ಸರದಿ ಬಂತು, ಹೋದಳು. ಎದುವಿಹೆಸ್ ನನ್ನತ್ತ ತಿರುಗಿ, ಕೈಯಲ್ಲಿದ್ದ ಸೊಟ್ಟ ರೊಟ್ಟಿಯನ್ನು ರಪರಪ ತಟ್ಟಿದಳು.

"ನೋಡಿದ್ಯಾ? ಒಳ್ಳೇತನದಲ್ಲೂ ಅವಳೇ ಮುಂದೆ!"